ಮೂರು ಮಿಲಿಮೀಟರಿನ ಬಳೆ: ಸೀಲ್ ಬೇರಿಂಗಿನ ಹೆಡ್‌ಸೆಟ್ಟಿನೊಂದಿಗೆ ನಾಲ್ಕು ವರ್ಷ

ಸೀಲ್ ಮಾಡಿದ ಬೇರಿಂಗುಗಳಿರುವ ಈ ಹೆಡ್‌ಸೆಟ್ಟನ್ನು ನನ್ನ ಸೈಕಲ್ಲಿಗೆ ಮನೆಯಲ್ಲಿಯೇ ಕೂರಿಸಿ ನಾಲ್ಕು ವರ್ಷಗಳಾದವು. ಹೆಡ್‌ಸೆಟ್ ಎಂದರೆ ಮುಂಚಕ್ರವನ್ನು ಹಿಡಿಯುವ ಕವಲು, ಅಂದರೆ ಫೋರ್ಕು, ಹ್ಯಾಂಡಲಿನೊಂದಿಗೆ ತಿರುಗುವಂತೆ ಚೌಕಟ್ಟಿನ ಮುಂದುಗಡೆ ಮೇಲೆ ಕೆಳಗೆ ಕೂರುವ ಬೇರಿಂಗುಗಳ ಜೋಡಣೆ. ಕೆಲಸಕ್ಕೆ ಹೋಗಿ ಬರುವ ದಾರಿಯೇ ದಿನಕ್ಕೆ 14 ಕಿ.ಮೀ. ಆಗುವುದರಿಂದ ಇಷ್ಟರಲ್ಲಿ 15,000 ಕಿ.ಮೀ. ದಾಟಿರಬೇಕು, ಮಳೆಯೆಂದು ಸೈಕಲ್ಲನ್ನು ಮನೆಯಲ್ಲಿ ಬಿಟ್ಟ ದಿನಗಳು ಕಡಿಮೆ. ತಯಾರಕರ ಪಟ್ಟಿಯಲ್ಲಿ ಇದು ನಡುವಿನ ದರ್ಜೆಯದು. ಕೆಳಗಿನ ದರ್ಜೆಯಲ್ಲಿ ಪಂಜರಕ್ಕೆ ಸಿಕ್ಕಿಸಿದ ಬಿಡಿ ಗುಂಡುಗಳು ಬರುತ್ತವೆ, ಮೇಲಿನದರಲ್ಲಿ ತುಕ್ಕು ಹಿಡಿಯದ ಉಕ್ಕಿನ ಬೇರಿಂಗುಗಳು. ಸೈಕಲ್ಲಿಗಾಗಿ ನಾನು ತೆಗೆದಿಡುವ ಹಣ ಮಿತವಾದದ್ದು, ಆದ್ದರಿಂದ ನಡುವಿನದನ್ನೇ ಆರಿಸಿದೆ. ಆ ಆಯ್ಕೆಯ ಬಗ್ಗೆ ಇಂದು ನನಗೆ ದೂರಿಲ್ಲ. ಆದರೆ ಮೊದಲ ಎಂಟು ತಿಂಗಳು ಈ ವಸ್ತುವಿನ ಮೇಲೆ ನನಗಿದ್ದ ಸಿಟ್ಟು ಸಣ್ಣದಾಗಿರಲಿಲ್ಲ, ಮತ್ತು ಈ ವಿಮರ್ಶೆಯ ಬಹುಪಾಲು ಅದರ ಕುರಿತೇ ಇದೆ.

ಹಳೆಯ ಹೆಡ್‌ಸೆಟ್ ಸೈಕಲ್ಲಿನೊಂದಿಗೇ ಬಂದದ್ದು, ಬಿಡಿ ಗುಂಡುಗಳದ್ದು. ಮೂರನೆಯ ವರ್ಷಕ್ಕೆ ಹ್ಯಾಂಡಲನ್ನು ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿಸಿದರೆ ಸರಿಯಾಗಿ ನೇರಕ್ಕೆ ಬಂದಾಗ ಗುಳಿಗೆ ಬಿದ್ದಂತೆ ಒಮ್ಮೆ ತಡೆಯುತ್ತಿತ್ತು. ನೇರ ರಸ್ತೆಯಲ್ಲಿ ಹ್ಯಾಂಡಲ್ ಹೆಚ್ಚು ತಿರುಗುವುದೇ ಇಲ್ಲ. ಗುಂಡುಗಳು ಅದೇ ಜಾಗದಲ್ಲಿ ನಿಂತು ನಡುಗುತ್ತಾ ನಡುಗುತ್ತಾ ಅಲ್ಲಿನ ಗ್ರೀಸನ್ನು ಹೊರದೂಡುತ್ತವೆ, ಆಮೇಲೆ ಲೋಹಕ್ಕೆ ಲೋಹ ತಾಗಿ ಗುಂಡುಗಳು ಉರುಳುವ ದಾರಿಯ ಮೇಲೆ ಸಣ್ಣ ಸಣ್ಣ ಗುಳಿಗಳು ಏಳುತ್ತವೆ. ಅಂತಹ ಹೆಡ್‌ಸೆಟ್ಟಿಗೆ ಹೊಸ ಗ್ರೀಸು ತುಂಬಿದರೂ ಗುಳಿ ಮುಚ್ಚುವುದಿಲ್ಲ. ಕೈಬಿಟ್ಟು ಓಡಿಸುವಾಗ ಸೈಕಲ್ಲು ತಾನಾಗಿ ಸಣ್ಣದಾಗಿ ತೂಗಾಡಲಾರಂಭಿಸಿದ ಮೇಲೆ ಅದನ್ನು ಬದಲಿಸಲೇಬೇಕಾಯಿತು.

ಕೂರಿಸುವ ಕೆಲಸದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಏಕೆಂದರೆ ಅದು ನಿರೀಕ್ಷೆಗಿಂತ ಸರಾಗವಾಗಿ ಮುಗಿಯಿತು. ಬೇರಿಂಗು ಕೂರುವ ಹಳೆಯ ಬಟ್ಟಲುಗಳನ್ನು, ಅಂದರೆ ಕಪ್ಪುಗಳನ್ನು, ಒಳಗಿನಿಂದ ಕಬ್ಬಿಣದ ಸರಳು ಕೊಟ್ಟು, ಸುತ್ತಲೂ ಒಂದೊಂದೇ ಏಟು ಹಾಕಿ ಹೊರಗೆ ತೆಗೆದೆ. ಹೊಸ ಕಪ್ಪುಗಳನ್ನು ಒತ್ತಲು ಉದ್ದಕ್ಕೂ ಥ್ರೆಡ್ ಇರುವ ಸರಳು, ಎರಡು ನಟ್ಟು, ದಪ್ಪ ವಾಷರುಗಳು ಸಾಕಾದವು. ಬೇರಿಂಗುಗಳನ್ನು ಹೊರಗಿಟ್ಟು, ಒಮ್ಮೆಗೆ ಒಂದೇ ಕಪ್ಪನ್ನು, ಅದು ಓರೆಯಾಗದಂತೆ ಪ್ರತಿ ಅರ್ಧ ಸುತ್ತಿಗೆ ಕಣ್ಣಿಟ್ಟು ನೋಡುತ್ತಾ ಒತ್ತಬೇಕು. ಇಲ್ಲಿ ತಯಾರಕರನ್ನು ಮನಸಾರೆ ಹೊಗಳಬೇಕಾದ ಒಂದು ವಿಷಯವಿದೆ. ಫೋರ್ಕಿನ ಬುಡದಲ್ಲಿ ಕೂರುವ ಬಳೆಯನ್ನು ಅವರು ಒಂದು ಕಡೆ ಸೀಳಿ ಕೊಟ್ಟಿದ್ದಾರೆ. ಹಳೆಯ ಮಾದರಿಯ ಇಡಿ ಬಳೆಯನ್ನು ಕೊಳವೆ ಮತ್ತು ಸುತ್ತಿಗೆಯಿಂದ ಬಡಿದು ಇಳಿಸಬೇಕಾಗುತ್ತಿತ್ತು. ಇದು ಹೆಬ್ಬೆರಳುಗಳ ಒತ್ತಡಕ್ಕೇ ಜಾರಿ ತನ್ನ ಜಾಗದಲ್ಲಿ ಕೂತಿತು, ಬೇಕೆಂದಾಗ ಹಾಗೆಯೇ ಹೊರಬರುತ್ತದೆ. ಮನೆಯಲ್ಲಿ ಕೆಲಸ ಮಾಡುವವರ ಕಷ್ಟ ಬಲ್ಲ ಯಾರೋ ಇದನ್ನು ರೂಪಿಸಿದ್ದಾರೆ ಎಂದು ಆ ದಿನ ನನಗೆ ಅನ್ನಿಸಿತು.

ಎರಡನೆಯ ವಾರದಲ್ಲಿ ಸದ್ದು ಶುರುವಾಯಿತು. ರಸ್ತೆಯ ಉಬ್ಬು ಇಳಿಯುವಾಗ ಮುಂದಿನಿಂದ ‘ಟಕ್’ ಎಂಬ ಒಂದು ಸಣ್ಣ ಪೆಟ್ಟು, ಮುಂದಿನ ಬ್ರೇಕನ್ನು ಜೋರಾಗಿ ಹಿಡಿದಾಗ ಇನ್ನೊಂದು. ಹೆಡ್‌ಸೆಟ್ ಸಡಿಲವಾಗಿದೆಯೇ ಎಂದು ತಿಳಿಯುವ ಪರೀಕ್ಷೆ ಸರಳವಾದದ್ದು: ಮುಂದಿನ ಬ್ರೇಕು ಹಿಡಿದು, ಇನ್ನೊಂದು ಕೈಯ ಬೆರಳುಗಳನ್ನು ಕೆಳಗಿನ ಕಪ್ಪು ಮತ್ತು ಫೋರ್ಕು ಸೇರುವ ಸಂದಿನ ಮೇಲಿಟ್ಟು ಸೈಕಲ್ಲನ್ನು ಹಿಂದೆ ಮುಂದೆ ತೂಗಬೇಕು. ಸಂದಿನಲ್ಲಿ ಕೂದಲೆಳೆಯಷ್ಟು ಅಲುಗಿದರೂ ಬೆರಳಿಗೆ ಗೊತ್ತಾಗುತ್ತದೆ. ನನ್ನದು ಅಲುಗುತ್ತಿತ್ತು. ಫೋರ್ಕಿನಿಂದ ಮೇಲಕ್ಕೆ ಬರುವ ಕೊಳವೆಗೆ ಹ್ಯಾಂಡಲನ್ನು ಜೋಡಿಸುವ ಸ್ಟೆಮ್ಮಿನ ಪಕ್ಕದ ಎರಡು ಬೋಲ್ಟುಗಳನ್ನು ಸಡಿಲಿಸಿ, ಮೇಲಿನ ಮುಚ್ಚಳದ ಬೋಲ್ಟನ್ನು ಕಾಲು ಸುತ್ತು ಬಿಗಿಮಾಡಿ, ಪಕ್ಕದವನ್ನು ಮತ್ತೆ ಬಿಗಿಮಾಡಿದೆ. ಕ್ರಮ ಸರಿಯಾಗಿಯೇ ಇತ್ತು. ಆದರೂ ಮೂರು ದಿನಕ್ಕೆ ಅದೇ ಸದ್ದು. ಮತ್ತೆ ಕಾಲು ಸುತ್ತು, ಮತ್ತೆ ಅದೇ.

ಆ ತಿಂಗಳುಗಳಲ್ಲಿ ನಾನು ದೂಷಿಸದ ಭಾಗವಿರಲಿಲ್ಲ. ಬ್ರೇಕಿನ ತೋಳುಗಳು ಅಲುಗುತ್ತಿರಬಹುದೆಂದು ಅವುಗಳ ತಿರುಗುಗೂಟ ಬಿಗಿಮಾಡಿದೆ, ಮುಂಚಕ್ರದ ಹಬ್ಬಿನ ಕೋನು ಸರಿಪಡಿಸಿದೆ, ಬೇರಿಂಗುಗಳನ್ನು ಹೊರತೆಗೆದು ತಲೆಕೆಳಗಾಗಿ ಕೂತಿವೆಯೇ ಎಂದು ನೋಡಿದೆ. ಸೀಲ್ ಬೇರಿಂಗಿನ ಒಂದು ಅಂಚು ಓರೆಯಾಗಿ ಕತ್ತರಿಸಿರುತ್ತದೆ. ಆ ಓರೆಯೂ ಕಪ್ಪಿನ ಓರೆಯೂ ಹೊಂದದಿದ್ದರೆ ಎಷ್ಟು ಬಿಗಿಮಾಡಿದರೂ ಅಲುಗಾಟ ಉಳಿಯುತ್ತದೆ. ಮೇಲಿನ ಬೇರಿಂಗಿನೊಳಗೆ ಬೆಣೆಯಂತೆ ಇಳಿದು ಫೋರ್ಕಿನ ಕೊಳವೆಯನ್ನು ನಡುವಿನಲ್ಲಿ ಹಿಡಿಯುವ ಸೀಳುಬಳೆ ಬಿಟ್ಟುಹೋದರೂ ಹೀಗೆಯೇ ಆಗುತ್ತದೆ. ನನ್ನದರಲ್ಲಿ ಎಲ್ಲವೂ ಇದ್ದವು, ಎಲ್ಲವೂ ಸರಿಯಾಗಿ ಕೂತಿದ್ದವು. ಉಳಿದದ್ದು ಮುಚ್ಚಳದ ಬೋಲ್ಟನ್ನು ಇನ್ನಷ್ಟು ಬಿಗಿಮಾಡುವುದೊಂದೇ ಎಂದುಕೊಂಡು ಹಾಗೆಯೇ ಮಾಡುತ್ತಾ ಹೋದೆ. ಬೋಲ್ಟು ಕಲ್ಲಿನಂತೆ ಬಿಗಿಯಾಗುತ್ತಿತ್ತು, ಹೆಡ್‌ಸೆಟ್ ಮಾತ್ರ ಸಡಿಲವಾಗಿಯೇ ಉಳಿಯುತ್ತಿತ್ತು. ಈ ಎರಡೂ ಒಟ್ಟಿಗೆ ನಿಜವಾಗಲು ಹೇಗೆ ಸಾಧ್ಯ ಎಂಬ ಪ್ರಶ್ನೆಯನ್ನು ಮೊದಲೇ ಕೇಳಿಕೊಂಡಿದ್ದರೆ ಕೆಳಗಿನ ಬೇರಿಂಗು ಉಳಿಯುತ್ತಿತ್ತು.

ಎಂಟನೆಯ ತಿಂಗಳಲ್ಲಿ ಒಂದು ಸಂಜೆ ಮುಚ್ಚಳವನ್ನು ಬಿಚ್ಚಿ ಒರೆಸುತ್ತಿದ್ದಾಗ ಅದನ್ನು ಅಕಸ್ಮಾತ್ತಾಗಿ ಮಗುಚಿ ನೋಡಿದೆ. ಕಪ್ಪು ಬಣ್ಣದ ಕೆಳಮೈಯಲ್ಲಿ ಬೆಳ್ಳಿಯ ಗೆರೆಯಂತೆ ಒಂದು ಉಂಗುರ ಹೊಳೆಯುತ್ತಿತ್ತು. ಬಣ್ಣ ಸುಲಿದು ಲೋಹ ಕಾಣುವಷ್ಟು ಯಾವುದೋ ಅಂಚು ಅಲ್ಲಿ ಒತ್ತಿತ್ತು. ಆ ಉಂಗುರದ ಹೊರ ಅಗಲವನ್ನು ಅಳೆದರೆ 28.6 ಮಿ.ಮೀ. ಬಂದಿತು, ಅಂದರೆ ಫೋರ್ಕಿನ ಕೊಳವೆಯ ಹೊರ ಅಳತೆ. ಮುಚ್ಚಳವು ಸ್ಟೆಮ್ಮಿನ ಮೇಲೆ ಕೂರುವ ಬದಲು ಕೊಳವೆಯ ತುದಿಯ ಮೇಲೆ ಕೂತಿತ್ತು. ಕಬ್ಬಿಣದ ಅಡಿಪಟ್ಟಿಯ ಅಂಚನ್ನು ಸ್ಟೆಮ್ಮಿನ ಬಾಯಿಗೆ ಅಡ್ಡಲಾಗಿ ಇಟ್ಟು ಬೆಳಕಿಗೆ ಹಿಡಿದೆ. ಕೊಳವೆಗೂ ಪಟ್ಟಿಗೂ ನಡುವೆ ಒಂದು ಕಾಗದ ತೂರುವಷ್ಟೂ ಜಾಗವಿರಲಿಲ್ಲ.

ಥ್ರೆಡ್ ಇಲ್ಲದ ಹೆಡ್‌ಸೆಟ್ಟಿನ ಇಡೀ ಉಪಾಯ ನಿಂತಿರುವುದು ಆ ಜಾಗದ ಮೇಲೆಯೇ. ಹಿಂದಿನ ಸೈಕಲ್ಲುಗಳಲ್ಲಿ ಫೋರ್ಕಿನ ಕೊಳವೆಯ ಹೊರಮೈಗೇ ಥ್ರೆಡ್ ಕೊರೆದು, ಅದರ ಮೇಲೆ ಎರಡು ದೊಡ್ಡ ನಟ್ಟುಗಳನ್ನು ಒಂದಕ್ಕೊಂದು ಎದುರಾಗಿ ಬಿಗಿಯುತ್ತಿದ್ದರು. ಅದಕ್ಕೆ ಅಗಲ ಬಾಯಿಯ ಎರಡು ಸ್ಪ್ಯಾನರುಗಳು ಬೇಕಾಗುತ್ತಿದ್ದವು. 1990ರ ದಶಕದ ಆರಂಭದಲ್ಲಿ ಡಯಾ-ಕಾಂಪೆ ಸಂಸ್ಥೆಯವರು ‘ಅಹೆಡ್‌ಸೆಟ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಥ್ರೆಡ್‌ರಹಿತ ವ್ಯವಸ್ಥೆ ಆ ಕೆಲಸವನ್ನು ಎರಡು ಪಾಲು ಮಾಡಿತು. ಮುಚ್ಚಳದ ಬೋಲ್ಟು ಕೊಳವೆಯೊಳಗೆ ಕಚ್ಚಿಕೊಂಡ ನಕ್ಷತ್ರದಾಕಾರದ ನಟ್ಟನ್ನು ಹಿಡಿದು ಫೋರ್ಕನ್ನು ಮೇಲಕ್ಕೆಳೆಯುತ್ತದೆ, ಅದೇ ಹೊತ್ತಿಗೆ ಮುಚ್ಚಳವು ಸ್ಟೆಮ್ಮನ್ನೂ ಸ್ಪೇಸರುಗಳೆಂಬ ಎಡೆ ತುಂಬುವ ಬಳೆಗಳನ್ನೂ ಕೆಳಕ್ಕೆ ಒತ್ತುತ್ತದೆ. ನಡುವೆ ಸಿಕ್ಕ ಬೇರಿಂಗುಗಳ ಸಡಿಲ ಹೋಗುತ್ತದೆ. ಸಡಿಲ ಹೋದ ಮೇಲೆ ಆ ಸ್ಥಿತಿಯನ್ನು ಹಿಡಿದಿಡುವುದು ಸ್ಟೆಮ್ಮಿನ ಪಕ್ಕದ ಬೋಲ್ಟುಗಳ ಕೆಲಸ. ಹೀಗೆ ಒತ್ತಲು ಮುಚ್ಚಳಕ್ಕೆ ಇಳಿಯುವ ಎಡೆ ಬೇಕು. ಆದ್ದರಿಂದ ಕೊಳವೆಯ ತುದಿ ಸ್ಟೆಮ್ಮಿನ ಬಾಯಿಗಿಂತ 2ರಿಂದ 3 ಮಿ.ಮೀ. ಕೆಳಗಿರಬೇಕು. ನನ್ನ ಹಳೆಯ ಹೆಡ್‌ಸೆಟ್ಟಿನಲ್ಲಿ ಅಷ್ಟು ಎಡೆ ಇತ್ತು. ಹೊಸ ಕಪ್ಪುಗಳು ಹಳೆಯವಕ್ಕಿಂತ ಒಟ್ಟು ಎತ್ತರದಲ್ಲಿ 3 ಮಿ.ಮೀ. ಕಡಿಮೆ. ಹೆಡ್‌ಸೆಟ್ ಕುಳ್ಳಾದಷ್ಟೂ ಕೊಳವೆ ಮೇಲೆ ಚಾಚಿತು, ಎಡೆ ಮುಚ್ಚಿಹೋಯಿತು.

ನನ್ನ ದೂರು ಇಲ್ಲಿದೆ. ಪೆಟ್ಟಿಗೆಯ ಬದಿಯಲ್ಲಿ ಹೆಡ್‌ಸೆಟ್ಟಿನ ಎತ್ತರವನ್ನು ಸಣ್ಣ ಅಕ್ಷರಗಳಲ್ಲಿ ಅಚ್ಚು ಹಾಕಿದ್ದಾರೆ. ಆದರೆ ಹಳೆಯದರ ಎತ್ತರವನ್ನು ಅಳೆದು ಹೋಲಿಸಿ, ವ್ಯತ್ಯಾಸದಷ್ಟು ಸ್ಪೇಸರ್ ಸೇರಿಸಿರಿ ಎಂಬ ಒಂದು ವಾಕ್ಯ ಒಳಗಿನ ಸೂಚನಾಪತ್ರದಲ್ಲಿ ಎಲ್ಲಿಯೂ ಇಲ್ಲ. ಬೇರಿಂಗುಗಳನ್ನು ಕೂರಿಸುವ ಕ್ರಮಕ್ಕೆ ಅಂದವಾದ ಚಿತ್ರಗಳಿವೆ, ಬಿಗಿಯ ಅಳತೆಗಳಿವೆ. ಹಳೆಯದನ್ನು ತೆಗೆದು ಹೊಸದನ್ನು ಹಾಕುವವನಿಗೆ ಎಲ್ಲಕ್ಕಿಂತ ಮೊದಲು ಬೇಕಾದ ಮಾತನ್ನೇ ಬಿಟ್ಟಿದ್ದಾರೆ. ಮುಂದಿನ ಬ್ರೇಕು ಹಿಡಿದಾಗಲೆಲ್ಲ ಅಲುಗುವ ಫೋರ್ಕಿನ ಮೇಲೆ ಒಬ್ಬ ಮನುಷ್ಯ ಎಂಟು ತಿಂಗಳು ಓಡಾಡುವುದು ಹಗುರವಾಗಿ ತೆಗೆದುಕೊಳ್ಳುವ ಸಂಗತಿಯಲ್ಲ. ತೆಳ್ಳಗಿನ ಒಂದು ಸ್ಪೇಸರನ್ನು ಪೆಟ್ಟಿಗೆಯಲ್ಲೇ ಇಟ್ಟಿದ್ದರೂ ಸಾಕಿತ್ತು. ಅದು ಏಕೆ ಇದೆ ಎಂದು ಯೋಚಿಸಿಯಾದರೂ ನಾನು ಎಡೆಯನ್ನು ನೋಡುತ್ತಿದ್ದೆ.

ಪರಿಹಾರಕ್ಕೆ ಬೇಕಾದದ್ದು 3 ಮಿ.ಮೀ. ದಪ್ಪದ ಒಂದು ಅಲ್ಯೂಮಿನಿಯಂ ಬಳೆ. ಅದರ ಜೊತೆಗೆ ಇನ್ನೊಂದು ಕೆಲಸವೂ ಸೇರಿಕೊಂಡಿತು: ನಾನು ಹಾಕಿದ ಬಲಕ್ಕೆ ನಕ್ಷತ್ರದ ನಟ್ಟು ಕೊಳವೆಯೊಳಗೆ ಮೇಲಕ್ಕೆ ಜರುಗಿ ಹಿಡಿತ ಕಳೆದುಕೊಂಡಿತ್ತು. ಅದನ್ನು ಹೊರಗೆ ಕೀಳುವ ಹಟ ಬಿಟ್ಟು ಸರಳಿನಿಂದ ಆಳಕ್ಕೆ ಬಡಿದು, ಮೇಲೆ ಹೊಸದೊಂದನ್ನು ತುದಿಯಿಂದ 15 ಮಿ.ಮೀ. ಒಳಗೆ ನೆಟ್ಟಗೆ ಇಳಿಸಿದೆ. (ನನ್ನ ಫೋರ್ಕಿನದು ಉಕ್ಕಿನ ಕೊಳವೆ. ಕಾರ್ಬನ್ ಕೊಳವೆಗೆ ಈ ನಟ್ಟನ್ನು ಯಾರೂ ಹಾಕಬಾರದು, ಒಳಮೈ ಸೀಳಿಹೋಗುತ್ತದೆ. ಅದಕ್ಕೆ ಅರಳಿಕೊಂಡು ಹಿಡಿಯುವ ಬೇರೆ ಗೂಟವಿದೆ.) ಬಳೆಯನ್ನು ಮೊದಲು ಸ್ಟೆಮ್ಮಿನ ಮೇಲೆ ಹಾಕಿದ್ದೆ. ಕೆಲವು ದಿನಗಳ ನಂತರ ಸ್ಟೆಮ್ಮಿನ ಕೆಳಗೆ ಬದಲಿಸಿದೆ. ಹ್ಯಾಂಡಲ್ ಏರಿದ್ದು ಮೂರೇ ಮಿಲಿಮೀಟರ್ ಆದರೂ ನನ್ನ ಸೊಂಟಕ್ಕೆ ಅದು ಹಿತವೆನಿಸಿತು. ಮುಚ್ಚಳದ ಬೋಲ್ಟನ್ನು ಎರಡು ಬೆರಳಿನಲ್ಲಿ ಹಿಡಿದ ಅಲೆನ್ ಕೀಯಿಂದ ತಿರುಗಿಸುತ್ತಿದ್ದಾಗ, ಅಲುಗಾಟ ಕರಗಿ ಇಲ್ಲವಾದ ಕ್ಷಣ ಬೆರಳಿಗೆ ಸ್ಪಷ್ಟವಾಗಿ ತಿಳಿಯಿತು. ಅಷ್ಟು ಕಡಿಮೆ ಬಲ ಸಾಕು ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅಂದಿನಿಂದ ಭಾನುವಾರದ ಬೆಳಗಿಗೆ ಒಂದು ಅಭ್ಯಾಸ ಸೇರಿಕೊಂಡಿದೆ. ಬಟ್ಟೆಯ ತುದಿಯನ್ನು ಕೆಳಗಿನ ಕಪ್ಪಿನ ಸಂದಿಗೆ ಸುತ್ತಿ ಎಳೆದಾಡಿ ಮರಳನ್ನು ಒರೆಸುತ್ತೇನೆ. ಸೈಕಲ್ಲಿನ ಮುಂಭಾಗವನ್ನು ನೆಲದಿಂದ ಎತ್ತಿ ಸ್ವಲ್ಪ ಓರೆಮಾಡುತ್ತೇನೆ. ಚಕ್ರ ತಾನಾಗಿ, ಎಲ್ಲಿಯೂ ತಡೆಯದೆ ಪಕ್ಕಕ್ಕೆ ವಾಲಬೇಕು. ವಾಲದಿದ್ದರೆ ಬಿಗಿ ಹೆಚ್ಚಾಗಿದೆ ಎಂದರ್ಥ. ಆಮೇಲೆ ಬ್ರೇಕಿನ ಪರೀಕ್ಷೆ, ಒಮ್ಮೆ ಚಕ್ರ ನೇರವಿಟ್ಟು, ಒಮ್ಮೆ ಅಡ್ಡ ತಿರುಗಿಸಿ. ಅಡ್ಡವಿದ್ದಾಗ ಬ್ರೇಕಿನ ಅಲುಗಾಟ ಹೆಡ್‌ಸೆಟ್ಟಿನದೆಂದು ತೋರುವುದಿಲ್ಲ. ಸ್ಟೆಮ್ಮನ್ನು ಸಡಿಲಿಸಿದ ದಿನಗಳಲ್ಲಿ ಮುಂಚಕ್ರವನ್ನು ಮಂಡಿಗಳ ನಡುವೆ ಹಿಡಿದು, ಮೇಲಿನಿಂದ ಒಂದು ಕಣ್ಣು ಮುಚ್ಚಿ ಟೈರಿನ ನಡುಗೆರೆಗೆ ಸ್ಟೆಮ್ಮನ್ನು ಸರಿಹೊಂದಿಸುವುದು ನನಗೆ ಬಹಳ ಪ್ರಿಯವಾದ ಕೆಲಸ. ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿದು, ಸ್ಟೆಮ್ಮಿನ ಮೇಲೆ ಅಚ್ಚಾಗಿರುವಂತೆ 5 ನ್ಯೂಟನ್ ಮೀಟರಿಗೆ ನಿಲ್ಲಿಸುತ್ತೇನೆ. ಸ್ಟೆಮ್ಮು ಹಿಡಿಯುವ ಜಾಗಕ್ಕೆ ಗ್ರೀಸು ತಾಗಲು ಬಿಡುವುದಿಲ್ಲ.

ಕೆಳಗಿನ ಬೇರಿಂಗನ್ನು ಎರಡನೆಯ ವರ್ಷ ಬದಲಿಸಬೇಕಾಯಿತು. ಎಂಟು ತಿಂಗಳ ಪೆಟ್ಟು ತಿಂದದ್ದರಿಂದ ಬೆರಳಿಗೆ ಸಿಕ್ಕಿಸಿ ತಿರುಗಿಸಿದರೆ ಮರಳು ತುಂಬಿದಂತೆ ಗರಗರ ಎನ್ನುತ್ತಿತ್ತು. ಕೊಳ್ಳುವವರಿಗೆ ಒಂದು ಎಚ್ಚರಿಕೆ: ಬೇರಿಂಗಿನ ಸೀಲಿನ ಮೇಲೆ ಕೊರೆದ ಅಂಕಿಗಳನ್ನು ಬರೆದುಕೊಂಡೇ ಹೋಗಿರಿ. ನನ್ನದು 41 ಮಿ.ಮೀ., 36×45 ಡಿಗ್ರಿ ಓರೆಯದು; ನೋಡಲು ಒಂದೇ ಎಂದು ನಾನು ಮೊದಲು ತಂದದ್ದು 41.8 ಮಿ.ಮೀ., 45×45. ಒಂದು ಮಿಲಿಮೀಟರಿಗೂ ಕಡಿಮೆಯ ಆ ವ್ಯತ್ಯಾಸಕ್ಕೆ ಅದು ಕಪ್ಪಿನೊಳಗೆ ಇಳಿಯಲೇ ಇಲ್ಲ. ಸರಿಯಾದದ್ದು ಸಿಕ್ಕ ಮೇಲೆ ಬದಲಿಸಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಕಪ್ಪುಗಳನ್ನು ಮುಟ್ಟದೆ ಬೇರಿಂಗನ್ನಷ್ಟೇ ತೆಗೆದು ಹಾಕುವ ಈ ಸೌಲಭ್ಯಕ್ಕಾಗಿಯೇ ಬಿಡಿ ಗುಂಡುಗಳಿಗೆ ನಾನು ಮತ್ತೆ ಮರಳುವುದಿಲ್ಲ.

ಉಳಿದಿರುವ ದೋಷ ಕೆಳಗಿನ ಸೀಲಿನದು. ಮುಂಚಕ್ರ ಎರಚುವ ನೀರು ನೇರವಾಗಿ ಅಲ್ಲಿಗೇ ಬಡಿಯುತ್ತದೆ, ಅಲ್ಲಿನ ರಬ್ಬರಿನ ತುಟಿ ಮಾತ್ರ ಮೇಲಿನದಕ್ಕಿಂತ ತೆಳು. ಮಳೆಗಾಲ ಮುಗಿದ ಮೇಲೆ ಬಿಚ್ಚಿದರೆ ಕೆಳಗಿನ ಗ್ರೀಸು ಪ್ರತಿ ವರ್ಷವೂ ಕಂದುಬಣ್ಣಕ್ಕೆ ತಿರುಗಿರುತ್ತದೆ, ಆದ್ದರಿಂದ ಬೇರಿಂಗಿನ ಸುತ್ತ ಗ್ರೀಸನ್ನು ಧಾರಾಳವಾಗಿ ಮೆತ್ತುತ್ತೇನೆ. ವರ್ಷಕ್ಕೊಮ್ಮೆ ಬಿಚ್ಚಲು ಮನಸ್ಸಿಲ್ಲದವರು ಮೇಲಿನ ದರ್ಜೆಯದನ್ನೇ ಕೊಳ್ಳುವುದು ಒಳ್ಳೆಯದು. ನನಗೆ ಇದೇ ಸಾಕು. ಕಳೆದ ವಾರ ಬಿಚ್ಚಿದಾಗ ಮೇಲಿನ ಬೇರಿಂಗು, ನಾಲ್ಕು ವರ್ಷಗಳ ಹಿಂದೆ ಪೆಟ್ಟಿಗೆಯಿಂದ ತೆಗೆದು ಹಾಕಿದ್ದ ಅದೇ ಬೇರಿಂಗು, ಬೆರಳ ತುದಿಯಲ್ಲಿ ಸದ್ದಿಲ್ಲದೆ ತಿರುಗಿತು. ಒರೆಸಿ, ಗ್ರೀಸು ಹಚ್ಚಿ, ಬಳೆಯನ್ನು ಸ್ಟೆಮ್ಮಿನ ಕೆಳಗಿಟ್ಟು ಮತ್ತೆ ಜೋಡಿಸಿದೆ.