ಬೇಸ್‌ಮೆಂಟ್ ಬೂಷ್ಟಿಗೆ ಎಕ್ಸಾಸ್ಟ್ ಫ್ಯಾನೋ, ಡಿಹ್ಯುಮಿಡಿಫೈಯರೋ?

ಬೆಂಗಳೂರಿನಲ್ಲಿ ಬೇಸ್‌ಮೆಂಟನ್ನೇ ಸ್ಟೋರ್ ರೂಮ್ ಮಾಡಿಕೊಂಡವರಿಗೆ ಜೂನ್‌ನಿಂದ ನವೆಂಬರ್‌ವರೆಗೂ ಬೂಷ್ಟಿನ ಕಾಟ. ಏನಾದರೂ ಕೊಳ್ಳುವ ಮೊದಲು ಒಂದಡಿ ಅಲ್ಯುಮಿನಿಯಂ ಫಾಯಿಲನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಟೇಪ್ ಹಾಕಿ ಒಂದೆರಡು ದಿನ ಬಿಡಿ. ಫಾಯಿಲ್‌ನ ಹಿಂಬದಿ ಒದ್ದೆಯಾಗಿದ್ದರೆ ಹೊರಗಿನ ಮಣ್ಣಿನಿಂದಲೋ ಪಕ್ಕದ ಸಂಪಿನಿಂದಲೋ ನೀರು ಜಿನುಗುತ್ತಿದೆ ಎಂದರ್ಥ. ಅದಕ್ಕೆ ವಾಟರ್‌ಪ್ರೂಫಿಂಗೇ ಆಗಬೇಕು, ಮಿಷನ್ ಮಾತು ಆಮೇಲೆ. ಮುಂಬದಿಯಲ್ಲಿ ಹನಿಗಟ್ಟಿದ್ದರೆ ಅದು ಗಾಳಿಯ ತೇವ.

ಫ್ಯಾನ್ ಅಗ್ಗ, ಕರೆಂಟೂ ಕಡಿಮೆ. ಒಣ ದಿನಗಳಲ್ಲಿ ಅಷ್ಟೇ ಸಾಕು. ಮಳೆಗಾಲದಲ್ಲಿ ಮಾತ್ರ ಅದು ಹೊರಹಾಕಿದಷ್ಟೂ ಹೊರಗಿನ ಹಸಿ ಗಾಳಿ ಒಳನುಗ್ಗಿ, ತಣ್ಣನೆ ಗೋಡೆಗೆ ತಾಗಿ ನೀರಾಗುತ್ತದೆ. ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರಿ ನೀರಾಗಿಸಿ ಬಕೆಟ್‌ಗೆ ಇಳಿಸುವ ಮಿಷನ್) ದುಬಾರಿ, ಸದ್ದೂ ಉಂಟು, ಬಕೆಟ್ ತುಂಬಿದಾಗಲೆಲ್ಲ ಚೆಲ್ಲಬೇಕು (ಡ್ರೈನ್ ಪೈಪ್ ಇರುವುದನ್ನೇ ತಗೊಳ್ಳಿ). ಆದರೆ ಮಳೆ ಹಿಡಿದಾಗ ತೇವಾಂಶವನ್ನು ಶೇ. 60ಕ್ಕಿಂತ ಕೆಳಗಿಡಲು ಅದೇ ಬೇಕು. ಬಾಗಿಲು, ಕಿಟಕಿ ಮುಚ್ಚಿಯೇ ಓಡಿಸಿ. ಎರಡನ್ನೂ ಒಟ್ಟಿಗೆ ಹಾಕುವವರಿದ್ದಾರೆ, ಕರೆಂಟ್ ಬಿಲ್ ದಂಡ!

ಪುಸ್ತಕ, ಚರ್ಮದ ಬ್ಯಾಗು, ರೇಷ್ಮೆ ಸೀರೆ ಇಟ್ಟಿದ್ದರೆ ಡಿಹ್ಯುಮಿಡಿಫೈಯರ್ ಎಂದೇ ನನ್ನ ಮತ. ಬರೀ ಸೈಕಲ್ಲು, ಸ್ಟೀಲ್ ಪಾತ್ರೆಯಾದರೆ ಫ್ಯಾನ್ ಹಾಕಿಸಿ, ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದಿಡಿ.