ಫ್ರೆಂಚ್ ಕಲಿಯಲು ತರಗತಿಯೋ, ಆ್ಯಪೋ, ರೇಡಿಯೊವೋ?

ಬೆಂಗಳೂರಿನಲ್ಲಿ ಫ್ರೆಂಚ್ ಕಲಿಯಲು ಹೊರಡುವವರಿಗೆ ಒಬ್ಬೊಬ್ಬರಿಗೆ ಒಂದೊಂದು ಕಾರಣ. ಪಿಯುಸಿಯಲ್ಲಿ ಒಳ್ಳೆ ಅಂಕ ಬರುತ್ತದೆಂದು ಆರಿಸಿಕೊಂಡವರಿದ್ದಾರೆ, ಕೆನಡಾ ಪಿ.ಆರ್. (ಅಲ್ಲೇ ಕಾಯಂ ನೆಲೆಸುವ ಅನುಮತಿ) ಮೇಲೆ ಕಣ್ಣಿಟ್ಟವರಿದ್ದಾರೆ. ಆ ಭಾಷೆಯ ನಾದಕ್ಕೇ ಸೋತು ಬಂದವರೂ ಇದ್ದಾರೆ, ಹೆಚ್ಚು ದಿನ ಉಳಿಯುವವರೂ ಇವರೇ. ತರಗತಿ, ಆ್ಯಪ್, ರೇಡಿಯೊ, ಆನ್‌ಲೈನ್ ಟ್ಯೂಷನ್ ನಾಲ್ಕನ್ನೂ ಬಳಸಿ ನೋಡಿದ ಮೇಲೆ ನಮ್ಮ ಲೆಕ್ಕ ಇಷ್ಟು: ಎ2 (ಭಾಷಾಜ್ಞಾನ ಅಳೆಯುವ ಎ1, ಎ2, ಬಿ1, ಬಿ2, ಸಿ1, ಸಿ2 ಹಂತಗಳಲ್ಲಿ ಎರಡನೆಯದು) ಮುಗಿಯುವವರೆಗೆ ತರಗತಿ, ಆಮೇಲೆ ರೇಡಿಯೊ. ಆ್ಯಪ್ ಊಟವಲ್ಲ, ಉಪ್ಪಿನಕಾಯಿ.

ತರಗತಿಯನ್ನು ಮೊದಲಿಗೆ ಇಟ್ಟಿರುವುದು ವ್ಯಾಕರಣಕ್ಕಾಗಿ ಅಲ್ಲ, ಅದು ಪುಸ್ತಕದಲ್ಲೂ ಸಿಗುತ್ತದೆ. ಬಾಯಿಯನ್ನು ತಿದ್ದುವವರು ಒಬ್ಬರು ಎದುರಿಗೆ ಬೇಕು. ಫ್ರೆಂಚ್ ಕಲಿಸುವ ಸಂಸ್ಥೆಯಾದ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಜ್ ಇರುವುದೇ ಇದಕ್ಕೆ. ಮೂಲ ಸಂಸ್ಥೆ ಪ್ಯಾರಿಸ್‌ನಲ್ಲಿ ಶುರುವಾದದ್ದು 1883ರಲ್ಲಿ. ಕನ್ನಡದ ನಾಲಿಗೆಗೆ ಇಲ್ಲಿ ಲಾಭವೂ ಇದೆ, ತೊಡಕೂ ಇದೆ. ಫ್ರೆಂಚರ ಪ, ತ, ಕ ನಮ್ಮವೇ, ಉಸಿರಿನ ಒತ್ತಿಲ್ಲ. ಆದರೆ ಇಂಗ್ಲಿಷ್ ಓದಿದ ಅಭ್ಯಾಸಕ್ಕೆ ‘ತ’ ಬರಬೇಕಾದ ಕಡೆ ‘ಟ’ ಎಂದುಬಿಡುತ್ತೇವೆ. ‘ಎಲ್’ (ಅವಳು) ಎನ್ನಬೇಕಾದಲ್ಲಿ ‘ಯೆಲ್’ ಬರುತ್ತದೆ. ಪದದ ಕೊನೆಗೆ ಕರೆಯದೆ ಒಂದು ‘ಉ’ ಬಂದು ಕೂರುತ್ತದೆ. ಎಲ್ಲಕ್ಕಿಂತ ಕಷ್ಟದ್ದು ಅವರ ‘ಯೂ’ ಸ್ವರ: ನಾಲಿಗೆಯನ್ನು ‘ಈ’ಗೆ ಇಟ್ಟಂತೆ ಇಟ್ಟು, ತುಟಿಯನ್ನು ಮಾತ್ರ ‘ಊ’ಗೆ ದುಂಡಗೆ ಮಾಡಬೇಕು. ಆಗದಿದ್ದರೆ ‘ದ್‌ಸ್ಯೂ’ (ಮೇಲೆ) ಹೋಗಿ ‘ದ್‌ಸೂ’ (ಕೆಳಗೆ) ಆಗುತ್ತದೆ. ಪುಸ್ತಕ ಮೇಜಿನ ಮೇಲಿಂದ ಕೆಳಕ್ಕೆ ಇಳಿದಂತೆಯೇ. ಇದನ್ನು ನೀವಾಗಿಯೇ ತಿದ್ದಿಕೊಳ್ಳುವುದು ಕಷ್ಟ, ಏಕೆಂದರೆ ಮೊದಮೊದಲು ವ್ಯತ್ಯಾಸ ನಿಮ್ಮ ಕಿವಿಗೇ ಬೀಳುವುದಿಲ್ಲ.

ತರಗತಿಯ ಕೊರತೆ ಬರೀ ಗಣಿತ. ಎರಡು ಗಂಟೆಯ ತರಗತಿ, ಹನ್ನೆರಡು ಜನ, ಅರ್ಧ ಸಮಯ ವಿದ್ಯಾರ್ಥಿಗಳಿಗೆ ಅಂದುಕೊಂಡರೂ ತಲೆಗೆ ಐದೇ ನಿಮಿಷ ಮಾತು. ಎ2ಕ್ಕೆ ಸುಮಾರು 200 ಗಂಟೆ, ಬಿ2ಕ್ಕೆ 600ರ ಆಸುಪಾಸು ಎನ್ನುವುದು ರೂಢಿಯ ಅಂದಾಜು. ಅಷ್ಟನ್ನೂ ಫೀಸು ಕಟ್ಟಿ ತರಗತಿಯಲ್ಲೇ ಕೂತು ಮುಗಿಸುತ್ತೇನೆಂದರೆ ಜೇಬಿಗೂ ಭಾರ, ವರ್ಷಗಳೂ ಉರುಳುತ್ತವೆ.

ಡ್ಯುಯೊಲಿಂಗೊದಂಥ ಆ್ಯಪ್‌ಗಳು ದಿನಾ ಕೂರಿಸುತ್ತವೆ, ಅದು ಸಣ್ಣ ವಿಷಯವಲ್ಲ. ಆದರೆ ಪದಗಳನ್ನು ಕಣ್ಣೆದುರಿಗೆ ಹರಡಿ ಆರಿಸು ಎನ್ನುವುದರಿಂದ ಗುರುತು ಹಿಡಿಯುವುದು ಬರುತ್ತದೆ, ನೆನಪಿನಿಂದ ಹೇಳುವುದು ಬರುವುದಿಲ್ಲ. ಪರದೆಯನ್ನು ಕೈಯಿಂದ ಮುಚ್ಚಿ, ಉತ್ತರವನ್ನು ಗಟ್ಟಿಯಾಗಿ ಹೇಳಿ, ಆಮೇಲೆ ಒತ್ತಿದರೆ ಅರ್ಧ ದೋಷ ಹೋಗುತ್ತದೆ. ಲಿಂಗದ ವಿಷಯದಲ್ಲಿ ಆ್ಯಪ್ ಇನ್ನೂ ಸೋಲುತ್ತದೆ. ಕನ್ನಡದಲ್ಲಿ ಮೇಜು, ಕಿಟಕಿ, ಊರು ಎಲ್ಲವೂ ನಪುಂಸಕ. ಫ್ರೆಂಚಿನಲ್ಲಿ ಪ್ರತಿಯೊಂದಕ್ಕೂ ಮುಂದೆ ‘ಲ’ (ಪುಲ್ಲಿಂಗ) ಅಥವಾ ‘ಲಾ’ (ಸ್ತ್ರೀಲಿಂಗ). ಆ್ಯಪ್ ಇವನ್ನು ಬಿಡಿಬಿಡಿಯಾಗಿ ಕಲಿಸುತ್ತದೆ, ಅದರ ಬದಲು ಪದದ ಬಾಲ ನೋಡಿ: ‘-ಸಿಯೋಂ’, ‘-ತೆ’ ಬಹುಪಾಲು ಸ್ತ್ರೀಲಿಂಗ, ‘-ಮಾಂ’, ‘-ಆಜ್’ ಬಹುಪಾಲು ಪುಲ್ಲಿಂಗ. ಆದರೆ ‘ಪ್ಲಾಜ್’, ‘ಇಮಾಜ್’, ‘ಪಾಜ್’ ಸ್ತ್ರೀಲಿಂಗ, ಇವನ್ನು ಬಾಯಿಪಾಠ ಮಾಡುವುದೇ ದಾರಿ.

ಇನ್ನು ರೇಡಿಯೊ. ಫ್ರಾನ್ಸಿನ ಅಂತರರಾಷ್ಟ್ರೀಯ ರೇಡಿಯೊ ಆರ್‌ಎಫ್‌ಐ ಸರಳ ಫ್ರೆಂಚಿನಲ್ಲಿ ದಿನಕ್ಕೆ ಹತ್ತು ನಿಮಿಷದ ಸುದ್ದಿ ಕೊಡುತ್ತದೆ, ಪೂರ್ತಿ ಪಠ್ಯವೂ ಜೊತೆಗಿರುತ್ತದೆ, ಕಾಸಿಲ್ಲ. ಫ್ರೆಂಚ್ ಟಿ.ವಿ. ವಾಹಿನಿ ಟಿವಿ5ಮೋಂದ್‌ನ ಆನ್‌ಲೈನ್ ಅಭ್ಯಾಸಗಳೂ ಉಚಿತ, ಎ1ರಿಂದ ಬಿ2ವರೆಗೆ ವಿಂಗಡಿಸಿಟ್ಟಿವೆ. ಸುಮ್ಮನೆ ಕೇಳಿಸಿಕೊಂಡರೆ ಏನೂ ಹತ್ತುವುದಿಲ್ಲ. ಒಂದೇ ನಿಮಿಷದ ತುಣುಕು ಆರಿಸಿ. ಪಠ್ಯ ನೋಡದೆ ಎರಡು ಸಲ ಕೇಳಿ. ಮೂರನೇ ಸಲ ನಿಲ್ಲಿಸಿ ನಿಲ್ಲಿಸಿ, ಕಿವಿಗೆ ಬಿದ್ದದ್ದನ್ನೆಲ್ಲ ಬರೆಯಿರಿ. ಈಗ ಪಠ್ಯದ ಜೊತೆ ಹೋಲಿಸಿ, ತಪ್ಪಿದ ಜಾಗಕ್ಕೆ ಕೆಂಪು ಗೆರೆ ಎಳೆಯಿರಿ. ಕೊನೆಗೆ ಓದುವವರ ಬೆನ್ನಿಗೇ ನೀವೂ ಓದಿ.

ಬರೆಯಲೇಬೇಕು ಎನ್ನಲು ಕಾರಣವಿದೆ. ‘ಅವನು ಮಾತಾಡುತ್ತಾನೆ’, ‘ಅವರು ಮಾತಾಡುತ್ತಾರೆ’ ಎರಡೂ ಕಿವಿಗೆ ‘ಇಲ್ ಪಾರ್ಲ್’. ಬಹುವಚನದ ಅಕ್ಷರಗಳೆಲ್ಲ ಮೂಕ. ಇನ್ನೊಂದು ಕಡೆ ‘ಇಲ್ ಜ಼ೋಂ’ ಎಂದರೆ ಅವರ ಬಳಿ ಇದೆ, ‘ಇಲ್ ಸೋಂ’ ಎಂದರೆ ಅವರು ಆಗಿದ್ದಾರೆ. ಜ಼ ಮತ್ತು ಸ ನಡುವೆ ಕಿವಿ ತಪ್ಪಿದರೆ ವಾಕ್ಯವೇ ಕೈತಪ್ಪುತ್ತದೆ. ಎ1 ಹಂತದಲ್ಲೇ ಈ ಕೇಳಿ ಬರೆಯುವ ಅಭ್ಯಾಸಕ್ಕೆ ಕೈಹಾಕಿದವರು ವಾರದೊಳಗೆ ಬಿಟ್ಟುಬಿಡುತ್ತಾರೆ, ಅದು ಅವರ ತಪ್ಪಲ್ಲ.

ಒಬ್ಬರಿಗೊಬ್ಬರ ಆನ್‌ಲೈನ್ ಟ್ಯೂಷನ್ ಬಿ1ರ ನಂತರ ವಾರಕ್ಕೊಂದು ಗಂಟೆ ಸಾಕು. ಅದೂ ಬರೀ ಮಾತಿಗೆ. ಪಾಠ ಕೇಳುತ್ತ ಕೂತರೆ ದುಡ್ಡು ದಂಡ.

ಪರೀಕ್ಷೆಯಲ್ಲೂ ಆಯ್ಕೆ ತಪ್ಪಬಾರದು. ಫ್ರೆಂಚ್ ಸರ್ಕಾರದ ಭಾಷಾ ಪರೀಕ್ಷೆಯಾದ ಡೆಲ್ಫ್‌ನ ಪ್ರಮಾಣಪತ್ರ ಜೀವನಪರ್ಯಂತ ನಡೆಯುತ್ತದೆ, ಫ್ರಾನ್ಸಿನಲ್ಲಿ ಓದುವವರಿಗೆ ಅದೇ ಒಳ್ಳೆಯದು. ಕೆನಡಾ ಕೇಂದ್ರ ಸರ್ಕಾರದ ವಲಸೆ ಯೋಜನೆಗಳಿಗೆ ಮಾತ್ರ ಅದನ್ನು ಒಪ್ಪುವುದಿಲ್ಲ. ಅದಕ್ಕೆ ಟೆಫ್ ಕೆನಡಾ ಅಥವಾ ಟಿಸಿಎಫ್ ಕೆನಡಾ ಎಂಬ ಬೇರೆ ಪರೀಕ್ಷೆ ಬರೆಯಬೇಕು, ಅವುಗಳ ಆಯಸ್ಸು ಎರಡೇ ವರ್ಷ. ಹಾಗಾಗಿ ಅರ್ಜಿ ಹಾಕುವ ಹೊತ್ತಿಗೆ ಹೊಂದಿಸಿಕೊಂಡು ಬರೆಯಿರಿ. ಡೆಲ್ಫ್‌ನಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ತಲಾ 25 ಅಂಕ, ಪಾಸಾಗಲು 50. ಆದರೆ ಪ್ರತಿ ಭಾಗದಲ್ಲೂ ಕನಿಷ್ಠ 5 ಬೇಕು. ಒಟ್ಟು 60 ಬಂದರೂ ಕೇಳುವುದರಲ್ಲಿ 4 ಬಿದ್ದರೆ ಫೇಲೇ.