ಬಿಸಿಲ ಮಗ್ಗುಲಿನ ಕೋಣೆ, ನೆರಳ ಮಗ್ಗುಲಿನ ಮನೆ: ಒಸ್ತಾನಾ ಕಣಿವೆಯಲ್ಲಿ ನಮ್ಮ ಎರಡು ಜನವರಿ

ಮೊದಲೇ ಹೇಳಿಬಿಡುತ್ತೇನೆ. ಚಳಿಗಾಲದಲ್ಲಿ ಇಟಲಿಯ ಬೆಟ್ಟದ ಹಳ್ಳಿಯೊಂದರಲ್ಲಿ ಗಂಡ ಹೆಂಡತಿ ಇಬ್ಬರೇ ನಾಲ್ಕೈದು ದಿನ ಇದ್ದು ಬರೋಣ ಅಂದುಕೊಂಡಿದ್ದರೆ ಇಡೀ ಮನೆ ಬಾಡಿಗೆಗೆ ಹಿಡಿಯಬೇಡಿ. ಬಿಸಿಲು ಬೀಳುವ ಮಗ್ಗುಲಲ್ಲಿ, ಬೆಳಗಿನ ತಿಂಡಿ ಮತ್ತು ರಾತ್ರಿ ಊಟ ಸೇರಿಸಿ ಕೊಡುವ ಒಂದು ಕೋಣೆ ಹಿಡಿಯಿರಿ. ಇಲ್ಲಿಯವರು ಇದನ್ನು ‘ಮೆಡ್ಜಾ ಪೆನ್ಸಿಯೋನೆ’ ಅನ್ನುತ್ತಾರೆ. ಹೋದ ವರ್ಷ ಜನವರಿಯಲ್ಲಿ ನಾವು ಹಿಡಿದದ್ದು ಮನೆ, ಈ ವರ್ಷ ಜನವರಿಯಲ್ಲಿ ಕೋಣೆ. ಕಣಿವೆ ಒಂದೇ, ನಡುವೆ ಒಂದು ಹೊಳೆ. ಆದರೆ ಒಂದರಿಂದ ಮೈಕೈ ನೋವು ಹೊತ್ತು ಬಂದೆವು, ಇನ್ನೊಂದರಿಂದ ಹೊರಡುವಾಗ ಮುಂದಿನ ಸಲದ ದಿನಾಂಕ ಕೇಳಿ ಬಂದೆವು.

ಕಣಿವೆ ಪೋ ನದಿಯದು. 652 ಕಿಲೋಮೀಟರ್ ಹರಿಯುವ, ಇಟಲಿಯ ಅತಿ ಉದ್ದದ ನದಿ 3,841 ಮೀಟರ್ ಎತ್ತರದ ಮೊನ್ವೀಝೋ ಬೆಟ್ಟದ ಬುಡದಲ್ಲಿ ಹುಟ್ಟುತ್ತದೆ. ನಾವು ಕೆಲಸಕ್ಕಾಗಿ ನೆಲೆಸಿರುವ ತೊರಿನೊ (ಟ್ಯೂರಿನ್) ನಗರದಿಂದ ಕಾರಿನಲ್ಲಿ ಒಂದೂವರೆ ಗಂಟೆಯ ಹಾದಿ. ಈ ವರ್ಷ ನಾವು ಕೋಣೆ ಹಿಡಿದ ಒಸ್ತಾನಾ ಹಳ್ಳಿ ಇರುವುದು ಸುಮಾರು 1,250 ಮೀಟರ್ ಎತ್ತರದಲ್ಲಿ. ಅಲ್ಲಿಯ ಹಿರಿಯರ ಮನೆಮಾತು ಇಟಾಲಿಯನ್ ಅಲ್ಲ, ಒಕ್ಸಿತಾನ್. ಒಂದು ಕಾಲಕ್ಕೆ ಸಾವಿರಕ್ಕೂ ಹೆಚ್ಚು ಜನರಿದ್ದ ಊರು. ದುಡಿಮೆ ಹುಡುಕಿ ಎಲ್ಲರೂ ಕೆಳಗಿಳಿದು, 1980ರ ದಶಕದಲ್ಲಿ ವರ್ಷವಿಡೀ ಅಲ್ಲೇ ಇರುತ್ತಿದ್ದವರು ಬೆರಳೆಣಿಕೆಯಷ್ಟು ಮಂದಿ. ಆಮೇಲೆ ಹಳೆಯ ಕಲ್ಲುಮನೆಗಳನ್ನು ಅದೇ ಕಲ್ಲು, ಅದೇ ಮರದಲ್ಲಿ ಎತ್ತಿ ನಿಲ್ಲಿಸಿದರು. ಕೆಲವು ಕುಟುಂಬಗಳು ವಾಪಸು ಬಂದವು. ನನ್ನ ತವರು ತೀರ್ಥಹಳ್ಳಿಯ ಕಡೆ. ಬೀಗ ಬಿದ್ದ ತೊಟ್ಟಿಮನೆಗಳನ್ನು ನೋಡಿ ಬೆಳೆದವಳಿಗೆ ಈ ಊರಿನ ಹೊಗೆಗೂಡುಗಳಲ್ಲಿ ಮತ್ತೆ ಹೊಗೆ ಕಾಣುವುದು ಎಷ್ಟು ಸಂತೋಷ ಅಂತ ಬೇರೆ ಹೇಳಬೇಕಿಲ್ಲ. ತಾಯ್ನುಡಿಯಲ್ಲಿ ಬರೆಯುವವರಿಗೆಂದೇ ಈ ಪುಟ್ಟ ಊರು ಒಂದು ಪ್ರಶಸ್ತಿಯನ್ನೂ ಕೊಡುತ್ತದೆ.

ಈಗ ಬಿಸಿಲಿನ ಮಾತು. ಆಲ್ಪ್ಸ್‌ನ ಕಣಿವೆಗಳಲ್ಲಿ ಎರಡು ಮಗ್ಗುಲಿಗೂ ಹೆಸರಿದೆ: ದಕ್ಷಿಣಕ್ಕೆ ಮುಖ ಮಾಡಿ ಬಿಸಿಲು ಕಾಯುವುದು ‘ಅದ್ರೇಚ್’, ಉತ್ತರಕ್ಕೆ ತಿರುಗಿ ನೆರಳಲ್ಲಿ ಕೂರುವುದು ‘ಉಬಾಕ್’. ಒಸ್ತಾನಾ ಅದ್ರೇಚ್. ನಾವು ಮೊದಲ ಸಲ ಹಿಡಿದ ಮನೆ ಹೊಳೆಯಾಚೆಯ ಉಬಾಕ್‌ನಲ್ಲಿತ್ತು. ಫೋಟೋ ನೋಡಿ ಮನೆ ಹಿಡಿದವರಿಗೆ ಇದೆಲ್ಲಿ ಗೊತ್ತಾಗಬೇಕು? ಫೋಟೋಗಳು ಜುಲೈ ತಿಂಗಳವು. ಡಿಸೆಂಬರ್ ಕೊನೆಯಲ್ಲಿ ಈ ಅಕ್ಷಾಂಶದಲ್ಲಿ ಸೂರ್ಯ ನಡುಮಧ್ಯಾಹ್ನವೂ ದಿಗಂತದಿಂದ 22 ಡಿಗ್ರಿ ಏರಿದರೆ ಹೆಚ್ಚು. ಅದೇ ದಿನ ಬೆಂಗಳೂರಿನಲ್ಲಿ 53 ಡಿಗ್ರಿ ಏರಿರುತ್ತಾನೆ. ಬೆನ್ನ ಹಿಂದೆ ಒಂದು ಗುಡ್ಡವಿದ್ದರೆ ಮುಗಿಯಿತು, ಅಂಗಳಕ್ಕೆ ಬಿಸಿಲೇ ಇಲ್ಲ. ಇದೇ ಪಿಯೆಮೊಂತೆ ಪ್ರಾಂತ್ಯದ ಉತ್ತರದಲ್ಲಿ ವಿಗನೆಲ್ಲಾ ಎಂಬ ಹಳ್ಳಿಗೆ ನವೆಂಬರ್ 11ರಿಂದ ಫೆಬ್ರವರಿ 2ರವರೆಗೆ ನೇರ ಬಿಸಿಲು ಬೀಳುವುದಿಲ್ಲ. ಅವರು 2006ರಲ್ಲಿ ಎದುರು ಬೆಟ್ಟದ ಮೇಲೆ 40 ಚದರ ಮೀಟರಿನ ಕನ್ನಡಿ ನಿಲ್ಲಿಸಿ ಊರ ಚೌಕಕ್ಕೆ ಬೆಳಕು ಬೀಳಿಸಿಕೊಂಡರು. ಮೊದಲು ಓದಿದಾಗ ಇದೇನು ಸೋಜಿಗ ಅನ್ನಿಸಿತ್ತು. ನೆರಳ ಮನೆಯಲ್ಲಿ ಐದು ದಿನ ಇದ್ದ ಮೇಲೆ ಆ ಊರಿನವರ ಕಷ್ಟ ಅರ್ಥವಾಯಿತು. ನಮ್ಮ ಕಿಟಕಿಯಿಂದ ಎದುರಿನ ಒಸ್ತಾನಾ ಬೆಳಿಗ್ಗೆಯಿಂದ ಬಂಗಾರದಂತೆ ಹೊಳೆಯುತ್ತಿತ್ತು. ನಮ್ಮ ಮೆಟ್ಟಿಲ ಮೇಲೆ ಹೆಪ್ಪುಗಟ್ಟಿದ ಹಿಮ ಐದು ದಿನವೂ ಕರಗಲಿಲ್ಲ.

ಚಳಿಯನ್ನಾದರೂ ತಡೆದುಕೊಳ್ಳಬಹುದಿತ್ತು. ನಮ್ಮ ಜೀವ ಹಿಂಡಿದ್ದು ಕರೆಂಟು.

ಇಟಲಿಯ ಮನೆಗಳಿಗೆ ಸಾಮಾನ್ಯವಾಗಿ ಇರುವುದು ಮೂರು ಕಿಲೋವ್ಯಾಟ್ ಸಂಪರ್ಕ. ಮೇಲೆ ಶೇಕಡಾ ಹತ್ತರಷ್ಟು ರಿಯಾಯಿತಿ, ಅಂದರೆ 3.3. ಅದನ್ನು ದಾಟಿ ಬಳಸುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲಿ ಮೀಟರೇ ಕರೆಂಟು ಕಡಿಯುತ್ತದೆ. ತೊರಿನೊದಲ್ಲಿ ನಮಗೆ ಇದರ ಬಿಸಿ ತಟ್ಟಿದ್ದೇ ಇಲ್ಲ. ಒಲೆ ಗ್ಯಾಸಿನದು, ಬಿಸಿನೀರು, ಕೋಣೆಯ ಬಿಸಿ ಎರಡೂ ಗ್ಯಾಸಿನದೇ. ಬೆಟ್ಟದ ಆ ಮನೆಗೆ ಗ್ಯಾಸ್ ಇರಲಿಲ್ಲ. ಇಂಡಕ್ಷನ್ ಒಲೆಯ ಒಂದು ಬಾಯಿ 1.8, ಬಚ್ಚಲಿನ ಗೀಸರ್ 1.2, ಗೋಡೆಗೆ ಹಾಕಿದ್ದ ಫ್ಯಾನ್ ಹೀಟರ್ 2. ಇದರಲ್ಲಿ ಯಾವ ಎರಡು ಜೊತೆಗೂಡಬಹುದು, ಯಾವುದು ಕೂಡದು ಎಂದು ದಿನವಿಡೀ ಕೂಡಿಸಿ ಕಳೆಯುವುದೇ ನಮ್ಮ ರಜೆಯಾಯಿತು.

ಮೊದಲ ಸಂಜೆಯೇ ಸಾರಿಗೆ ಬೇಳೆ ಇಟ್ಟಿದ್ದೆ. ಊರಿಂದ ತಂದ ಅಲ್ಯೂಮಿನಿಯಂ ಕುಕ್ಕರನ್ನು ಇಂಡಕ್ಷನ್ ಒಪ್ಪಲಿಲ್ಲ. ಸರಿ, ಆ ಮನೆಯ ಸ್ಟೀಲ್ ಪಾತ್ರೆಯಲ್ಲೇ ಬೇಯಲಿ ಅಂತ ಬಿಟ್ಟೆ. ಆ ಎತ್ತರದಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದೆ, ತೊಗರಿಬೇಳೆ ಒಂದು ಗಂಟೆಯಾದರೂ ಕಾಳುಕಾಳಾಗಿಯೇ ಇತ್ತು. ಅಷ್ಟರಲ್ಲಿ ಇವರು ಸ್ನಾನಕ್ಕೆ ಹೋಗಿ ಹೀಟರ್ ಹಾಕಿದರು. ಟಪ್ ಅಂತ ಇಡೀ ಮನೆ ಕತ್ತಲೆ. ಮೀಟರ್ ಇದ್ದದ್ದು ಮನೆಯೊಳಗಲ್ಲ, ಕೆಳಗಿನ ಓಣಿಯಲ್ಲಿ, ಗೋಡೆಯೊಳಗಿನ ತಗಡಿನ ಗೂಡಿನಲ್ಲಿ. ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು, ಮೇಲೆ ಜಾಕೆಟ್ ಹಾಕಿ ಇವರು ಹೊರಟರು, ಮೊಬೈಲ್ ದೀಪ ಹಿಡಿದು ನಾನು ಹಿಂದೆ. ಹೊರಗೆ ಮೈನಸ್ ಒಂಬತ್ತು. ಗೂಡಿನ ಬಾಗಿಲಿನ ಅಂಚಿಗೆ ಹೆಪ್ಪು ಕಟ್ಟಿ ಕಚ್ಚಿಕೊಂಡಿತ್ತು. ಕಾರಿನ ಕೀಲಿಯಿಂದ ಕೆರೆದು ಕೆರೆದು ತೆಗೆದು, ಒಳಗಿನ ಕಿರುಬೆರಳಷ್ಟು ಸಣ್ಣ ಹಿಡಿಯನ್ನು ಮೇಲಕ್ಕೆತ್ತುವಷ್ಟರಲ್ಲಿ ಇವರ ಬೆರಳುಗಳಲ್ಲಿ ಸ್ಪರ್ಶವೇ ಇರಲಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಮನೆಯನ್ನು ಬೆಚ್ಚಗಿಡುತ್ತಿದ್ದದ್ದು ಪೆಲೆಟ್ ಒಲೆ. ಮರದ ಪುಡಿಯನ್ನು ಒತ್ತಿ ಮಾಡಿದ ಸಣ್ಣ ಗುಳಿಗೆಗಳು, 15 ಕಿಲೋ ಚೀಲದಲ್ಲಿ ಬರುತ್ತವೆ. ಉರಿಯುವುದು ಮರವಾದರೂ ಗುಳಿಗೆ ತಳ್ಳುವ ಸುರುಳಿ, ಗಾಳಿ ಊದುವ ಫ್ಯಾನ್, ಹೊಗೆ ಎಳೆಯುವ ಫ್ಯಾನ್ ಎಲ್ಲವೂ ಕರೆಂಟಿನವು. ಕರೆಂಟು ಹೋದರೆ ಒಲೆಯೂ ನಿಲ್ಲುತ್ತದೆ, ಅರ್ಧ ಉರಿದ ಗುಳಿಗೆಯ ಹೊಗೆ ಕೋಣೆಗೇ ಬರುತ್ತದೆ. ಕರೆಂಟು ಬಂದ ತಕ್ಷಣ ಹೊತ್ತಿಕೊಳ್ಳುವುದೂ ಇಲ್ಲ. ಮೊದಲು ಪೂರ್ತಿ ತಣ್ಣಗಾಗಬೇಕು, ಆಮೇಲೆ ಬೂದಿ ತೆಗೆಯಬೇಕು, ಆಮೇಲೆ ಹೊತ್ತಿಕೊಳ್ಳಲು ಹತ್ತು ನಿಮಿಷ. ಹೊಗೆ ಹೋಗಲಿ ಅಂತ ಕಿಟಕಿ ಬೇರೆ ತೆಗೆದಿದ್ದೆವು. ಅವತ್ತು ಬೇಯದ ಬೇಳೆ ಬಿಟ್ಟು, ಬ್ರೆಡ್ಡು ತುಪ್ಪ ತಿಂದು, ಕಾಲುಚೀಲ, ಟೋಪಿ ಸಮೇತ ಮಲಗಿದೆವು. ಐದು ದಿನದಲ್ಲಿ ಇದು ನಾಲ್ಕು ಸಲ ಆಯಿತು. ಒಮ್ಮೆ ಬೆಳಗಿನ ಜಾವ ನಾಲ್ಕಕ್ಕೆ “ರೀ, ಒಲೆ ಆರಿಹೋಗಿದೆ” ಅಂತ ಎಬ್ಬಿಸಿದಾಗ ಪಾಪ, ಇವರು ಮಾತಿಲ್ಲದೆ ಎದ್ದು ಬೂಟು ಹಾಕಿಕೊಂಡರು. ಆ ಮುಖ ನೋಡಿ, ಇನ್ನೊಮ್ಮೆ ಇಂಥ ಮನೆ ಬೇಡ ಅಂತ ಅಲ್ಲೇ ತೀರ್ಮಾನಿಸಿದೆ. ಮನೆಯವರಿಗೆ ಫೋನು ಮಾಡಿದರೆ ಬಂದ ಉತ್ತರ, “ಒಂದೊಂದೇ ಬಳಸಿ.” ಹಾಗಂತ ಹಣ ಕೊಡುವ ಮೊದಲು ಹೇಳಬೇಕಿತ್ತು.

ಈ ವರ್ಷದ ಕೋಣೆಯಲ್ಲಿ ಕರೆಂಟಿನ ನೆನಪೇ ಬರಲಿಲ್ಲ. ಅಷ್ಟೇ ಹೇಳಬಲ್ಲೆ.

ರಸ್ತೆ ಎರಡಕ್ಕೂ ಒಂದೇ. ನವೆಂಬರ್ 15ರಿಂದ ಏಪ್ರಿಲ್ 15ರವರೆಗೆ ಹಿಮದ ಟೈರು, ಇಲ್ಲವೇ ಕಾರಿನಲ್ಲಿ ಸರಪಳಿ ಇರಲೇಬೇಕು. ಮೌನ ಎರಡೂ ಕಡೆ ಅಷ್ಟೇ ಚೆನ್ನ. ಜಾಗದ ವಿಷಯದಲ್ಲಿ ಮನೆಯೇ ಮೇಲು, ಕೋಣೆಯಲ್ಲಿ ಎರಡು ಸೂಟ್‌ಕೇಸ್ ಬಿಚ್ಚಿದರೆ ಓಡಾಡಲು ದಾರಿಯಿಲ್ಲ.

ಊಟದ ಬಗ್ಗೆ ನನಗೆ ನಿಜಕ್ಕೂ ಭಯವಿತ್ತು. ನಾವಿಬ್ಬರೂ ಸಸ್ಯಾಹಾರಿಗಳು. ಮನೆ ಹಿಡಿದದ್ದೇ ಅನ್ನ ಸಾರು ಮಾಡಿಕೊಳ್ಳಬಹುದು ಅಂತ. ಈ ಸಲ ಬುಕ್ ಮಾಡುವಾಗಲೇ ಮಾಂಸ, ಮೀನು ಎರಡೂ ಬೇಡ, ಮಾಂಸದ ಎಸರೂ ಬೇಡ ಅಂತ ಬಿಡಿಸಿ ಬರೆದೆ. ಬಿಡಿಸಿ ಹೇಳುವುದು ಮುಖ್ಯ. ತರಕಾರಿ ಸೂಪಿಗೆ ಮಾಂಸದ ಎಸರು ಹಾಕಿರಬಹುದು, ‘ಬಾನ್ಯಾ ಕೌದಾ’ ಎಂಬ ಬೆಳ್ಳುಳ್ಳಿ ಗೊಜ್ಜಿನಲ್ಲಿ ಮೀನು ಕರಗಿರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಗಿಣ್ಣಿಗೆ, ಅಂದರೆ ಚೀಸ್‌ಗೆ, ಕರುವಿನ ಹೊಟ್ಟೆಯ ಹೆಪ್ಪು ಬಳಸಿರುವುದೇ ಹೆಚ್ಚು. ಅದೂ ಆಗದು ಅನ್ನುವವರಿಗೆ ಈ ಬೆಟ್ಟದ ಅಡುಗೆ ಕಷ್ಟವೇ. ನಮಗೆ ಅಷ್ಟು ಕಟ್ಟುನಿಟ್ಟಿಲ್ಲ. ಮೊದಲ ರಾತ್ರಿ ಪೊಲೆಂತಾ ಬಂತು. ಜೋಳದ ಮುದ್ದೆಯ ಅಕ್ಕ ಅನ್ನಿ, ಆದರೆ ಮೆಕ್ಕೆಜೋಳದ್ದು, ಸಡಿಲ, ಮೇಲೆ ಕರಗಿದ ಗಿಣ್ಣು. ಎರಡನೇ ರಾತ್ರಿ ಪಕ್ಕದ ವರಾಯ್ತಾ ಕಣಿವೆಯ ‘ರವಿಯೋಲೆ’: ಆಲೂಗಡ್ಡೆಗೆ ಗಿಣ್ಣು ಕಲಸಿ, ಎರಡು ತುದಿ ಚೂಪಾಗಿ ಅಂಗೈಯಲ್ಲಿ ಹೊಸೆದು, ಬೇಯಿಸಿ, ಮೇಲೆ ಕಾದ ಬೆಣ್ಣೆ ಸುರಿದದ್ದು. ಚುಯ್ ಅನ್ನುವ ಆ ಸದ್ದಿಗೆ ನನಗೆ ಅಮ್ಮನ ಒಗ್ಗರಣೆ ನೆನಪಾಯಿತು. ಮೂರನೇ ದಿನಕ್ಕೆ ನಾಲಿಗೆ ಖಾರ ಕೇಳಿತು, ಅದು ನಿಜ. ಅಪ್ಪೆಮಿಡಿ ಉಪ್ಪಿನಕಾಯಿಯ ಸಣ್ಣ ಬಾಟಲಿ ಜೊತೆಗಿತ್ತು, ಬಚಾವಾದೆವು.

ಕೋಣೆಯ ಬಾಗಿಲ ಮುಂದೆ ಗೋಡೆಗೆ ತಾಗಿಸಿದ ಮರದ ಬೆಂಚು. ಹತ್ತೂವರೆಗೆ ಅಲ್ಲಿ ಕೂತರೆ ಬೆನ್ನ ಹಿಂದಿನ ಕಲ್ಲು ಬೆಚ್ಚಗೆ, ಎದುರಿಗೆ ಮೊನ್ವೀಝೋ. ಚಪ್ಪಡಿ ಕಲ್ಲಿನ ಮಾಡಿನಿಂದ ಹಿಮ ಕರಗಿ ತೊಟ್ಟಿಕ್ಕುವುದು ಬಿಟ್ಟರೆ ಇನ್ನೊಂದು ಸದ್ದಿಲ್ಲ. ಇವರು ಜಾಕೆಟ್ ಬಿಚ್ಚಿಟ್ಟು ಕಾಫಿ ಕುಡಿದರು, ಜನವರಿಯಲ್ಲಿ! ಆಚೆ ದಡದಲ್ಲಿ ಹೋದ ವರ್ಷದ ನಮ್ಮ ಮನೆ ನೀಲಿ ನೆರಳಿನಲ್ಲಿ ಕಾಣುತ್ತಿತ್ತು.

ದುಡ್ಡಿನ ಲೆಕ್ಕ ಹೇಳದಿದ್ದರೆ ಈ ಹೋಲಿಕೆ ಪೂರ್ತಿಯಾಗದು. ಮನೆಗೆ ರಾತ್ರಿಗೆ 75 ಯೂರೋ, ಐದು ರಾತ್ರಿಗೆ 375. ಶುಚಿ ಮಾಡುವುದಕ್ಕೆ 50. ಪೆಲೆಟ್ ಎರಡು ಚೀಲ ಉಚಿತ, ಮೇಲೆ ಎಂಟು ಚೀಲ ಸುಟ್ಟೆವು, 56. ಕೆಳಗಿನ ಪಾಯೆಸಾನಾದಿಂದ ತಂದ ದಿನಸಿಗೆ 95. ಒಟ್ಟು 576. ಕೋಣೆಗೆ ಊಟ ಸೇರಿ ತಲೆಗೆ 68, ಇಬ್ಬರಿಗೆ ರಾತ್ರಿಗೆ 136. ಐದು ರಾತ್ರಿಗೆ 680, ಮಧ್ಯಾಹ್ನದ ಊಟ ಬೇರೆ. ಹಾಗೆ ನೋಡಿದರೆ ಕೋಣೆಯೇ ದುಬಾರಿ. ನಾವು ಐದರ ಬದಲು ನಾಲ್ಕೇ ರಾತ್ರಿ ಇದ್ದೆವು: 544, ಮಧ್ಯಾಹ್ನಕ್ಕೆ ಬ್ರೆಡ್ಡು, ಗಿಣ್ಣು, ಹಣ್ಣು ಸೇರಿ 580ರೊಳಗೆ ಮುಗಿಯಿತು. ಒಂದು ದಿನ ಕಡಿಮೆಯಾದದ್ದು ನಮಗೆ ಕೊರತೆ ಅನ್ನಿಸಲಿಲ್ಲ. ಎರಡೂ ಸಲ ಜನವರಿ 7ರ ನಂತರವೇ ಹೋದದ್ದು. 6ರ ಎಪಿಫನಿ ಹಬ್ಬದವರೆಗೆ ಎಲ್ಲೆಡೆ ದರ ಏರಿರುತ್ತದೆ.

ಚಿಕ್ಕ ಮಕ್ಕಳಿದ್ದರೆ, ಊರಿಂದ ಅಪ್ಪ ಅಮ್ಮ ಬಂದಿದ್ದು ದಿನಾ ಅನ್ನವೇ ಬೇಕೆಂದರೆ ಮನೆಯೇ ಗತಿ, ಒಪ್ಪುತ್ತೇನೆ. ಆಗ ಜನವರಿಯಲ್ಲಿ ಅಂಗಳಕ್ಕೆ ಎಷ್ಟು ಹೊತ್ತು ಬಿಸಿಲು ಬೀಳುತ್ತದೆ, ಮೀಟರ್ ಎಷ್ಟು ಕಿಲೋವ್ಯಾಟಿನದು, ಕರೆಂಟಿಲ್ಲದೆ ಉರಿಯುವ ಸೌದೆ ಒಲೆ ಒಂದಾದರೂ ಇದೆಯೇ ಎಂದು ಬರಹದಲ್ಲೇ ಕೇಳಿ, ಉತ್ತರ ಬಂದ ಮೇಲೆ ಹಣ ಕಳಿಸಿ. ನಾವಂತೂ ಮುಂದಿನ ಜನವರಿಗೆ ಅದೇ ಕೋಣೆ ಹೇಳಿಯಾಗಿದೆ. ಹೊರಡುವ ಬೆಳಿಗ್ಗೆ ಅಡುಗೆಯಮ್ಮ ನಮ್ಮ ಉಪ್ಪಿನಕಾಯಿ ಬಾಟಲಿ ಮೂಸಿ, ಒಂದು ಮಿಡಿ ಕಚ್ಚಿ ನೋಡಿ, ಬರುವಾಗ ತನಗೂ ಒಂದು ತರಲು ಹೇಳಿದ್ದಾರೆ.